ಕೈತಪ್ಪಿದ ಮರುಕ್ಷಣ: ಅವಸರದ ನಿರ್ಧಾರದಲ್ಲಿ ನಮ್ಮ ತಪ್ಪು ನಮಗೆ ಗೊತ್ತಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ತಪ್ಪು ಅಂದರೆ ಯಾವ ತಪ್ಪು?

ಇದಕ್ಕೆ ಕನ್ನಡದಲ್ಲಿ ಮೊದಲೇ ಒಳ್ಳೆಯ ಮಾತುಗಳಿವೆ: ಕೈತಪ್ಪು, ಬಾಯಿತಪ್ಪು, ಕಣ್ತಪ್ಪು. ಮನಸ್ಸಿನಲ್ಲಿ ಇದ್ದದ್ದು ಸರಿಯಾಗಿಯೇ ಇತ್ತು, ಕೈಯೋ ನಾಲಿಗೆಯೋ ಬೇರೆ ದಾರಿ ಹಿಡಿಯಿತು. ಓಡಿ ಬರುತ್ತಿರುವವರಿಗಾಗಿ ಲಿಫ್ಟಿನ ಬಾಗಿಲು ತೆರೆಯಹೋಗಿ ಮುಚ್ಚುವ ಗುಂಡಿ ಒತ್ತುವುದು ಈ ಜಾತಿಯದು. ಕೆಳಗಿನ ಉತ್ತರಗಳು ಬಹುಪಾಲು ಇಂಥವುಗಳ ಬಗ್ಗೆಯೇ.

ತಪ್ಪು ತಿಳಿವಳಿಕೆಯ ಕತೆ ಬೇರೆ. ಐದೂವರೆಯ ರೈಲನ್ನು ಆರು ಗಂಟೆಗೆ ಅಂತ ನಂಬಿ ಕಾಫಿ ಕುಡಿಯುತ್ತ ಕೂತವರ ತಲೆಯೊಳಗೆ ಯಾವ ಗಂಟೆಯೂ ಬಾರಿಸುವುದಿಲ್ಲ. ಯಾಕೆ ಅನ್ನುವುದು ಮುಂದೆ ಸ್ಕೂಟರಿನ ಉದಾಹರಣೆಗೆ ಬಂದಾಗ ಸ್ಪಷ್ಟವಾಗುತ್ತದೆ.

ಯಾರೂ ಹೇಳದೆ, ಫಲಿತಾಂಶವೂ ಕಾಣದೆ, ತಪ್ಪಾಯಿತೆಂದು ಗೊತ್ತಾಗುವುದು ಹೇಗೆ?

ನಿರ್ಧಾರ ಹೊರಬಿದ್ದ ಮೇಲೂ ಕಣ್ಣು ಕಿವಿಗಳಿಂದ ಬಂದ ಮಾಹಿತಿ ಮಿದುಳಿನಲ್ಲಿ ಸಾಗುತ್ತಲೇ ಇರುತ್ತದೆ. ಅಂಚೆ ಡಬ್ಬಿಗೆ ಕಾಗದ ಹಾಕಿ ಬಂದಮೇಲೆ ಹೊಸ ಸುದ್ದಿ ಬಂದ ಹಾಗೆ.

ಪ್ರಯೋಗಶಾಲೆಗಳಲ್ಲಿ ಇದಕ್ಕೆ ಹೆಚ್ಚು ಬಳಸುವುದು 1974ರಲ್ಲಿ ಬಾರ್ಬರಾ ಎರಿಕ್ಸನ್ ಮತ್ತು ಚಾರ್ಲ್ಸ್ ಎರಿಕ್ಸನ್ ಪ್ರಕಟಿಸಿದ ಫ್ಲ್ಯಾಂಕರ್ ಪರೀಕ್ಷೆ. ಅವರು ಅಕ್ಷರಗಳನ್ನು ಬಳಸಿದ್ದರು, ಈಗ ಬಾಣದ ಗುರುತುಗಳೇ ಹೆಚ್ಚು. ಪರದೆಯ ಮೇಲೆ ←←→←← ಬರುತ್ತದೆ. ನಡುವಿನ ಬಾಣ ಬಲಕ್ಕಿದ್ದರೆ ಬಲಗೈ, ಎಡಕ್ಕಿದ್ದರೆ ಎಡಗೈ ಒತ್ತಬೇಕು. ಅಕ್ಕಪಕ್ಕದ ನಾಲ್ಕು ಬಾಣಗಳು ಮೊದಮೊದಲು ಕೈಯನ್ನು ತಮ್ಮ ಕಡೆ ಎಳೆಯುತ್ತವೆ. ನಡುವಿನದನ್ನು ಬೇರ್ಪಡಿಸಿ ನೋಡುವ ಹೊತ್ತಿಗೆ ಅವಸರದ ಬೆರಳು ಕೆಳಗಿಳಿದಿರುತ್ತದೆ. ಆಮೇಲೆ ತಲುಪುವ ಮಾಹಿತಿ ಇನ್ನೊಂದು ಕೈಯನ್ನು ಎಬ್ಬಿಸುತ್ತದೆ. ಆಗಿಹೋದ ಒತ್ತು ಮತ್ತು ಈಗ ಏಳುತ್ತಿರುವ ಕೈ ನಡುವಿನ ಈ ಜಗ್ಗಾಟವೇ ತಪ್ಪಿನ ಮೊದಲ ಸುಳಿವು ಅನ್ನುವುದು ಇವತ್ತಿನ ಮುಖ್ಯ ವಿವರಣೆಗಳಲ್ಲಿ ಒಂದು.

ತಲೆಗೆ ಇಇಜಿ ತಂತಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ತಂತಿ, ಹಚ್ಚಿದ್ದರೆ ಅದು ಕಾಣುತ್ತದೆ ಕೂಡ. ತಪ್ಪು ಗುಂಡಿ ಒತ್ತಿ 50ರಿಂದ 100 ಮಿಲಿಸೆಕೆಂಡಿನೊಳಗೆ, ನೆತ್ತಿಗಿಂತ ಸ್ವಲ್ಪ ಮುಂದೆ ನಡುಗೆರೆಯಲ್ಲಿ, ಕೆಲವು ಮೈಕ್ರೋವೋಲ್ಟ್‌ಗಳ ಒಂದು ಋಣಾತ್ಮಕ ಅಲೆ ಏಳುತ್ತದೆ. 1991ರಲ್ಲಿ ಜರ್ಮನಿಯ ಫಾಲ್ಕನ್‌ಸ್ಟೈನ್ ತಂಡವೂ 1993ರಲ್ಲಿ ಅಮೆರಿಕದ ಗೇರಿಂಗ್ ತಂಡವೂ ಇದನ್ನು ವಿವರಿಸಿದವು. ಹೆಸರು ಇಆರ್‌ಎನ್ (ಎರರ್-ರಿಲೇಟೆಡ್ ನೆಗೆಟಿವಿಟಿ, ತಪ್ಪಿನೊಂದಿಗೆ ಬರುವ ಋಣಾತ್ಮಕ ಅಲೆ). ಇದರ ಮೂಲ ಮುಂಮಿದುಳಿನ ಒಳಮಗ್ಗುಲಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಭಾಗ ಎಂದು ಹೆಚ್ಚಿನ ಪುರಾವೆಗಳು ತೋರಿಸುತ್ತವೆ.

‘ಅಯ್ಯೋ’ ಅನ್ನುವ ಅರಿವು ಬರುವುದು ಆ ಅಲೆಯ ಜೊತೆಗೇನಾ?

ಬಹುತೇಕ ಅದಕ್ಕಿಂತ ತಡವಾಗಿ. ಇಆರ್‌ಎನ್ ಆದಮೇಲೆ, ತಪ್ಪು ಒತ್ತಿದ ಸುಮಾರು 200ರಿಂದ 400 ಮಿಲಿಸೆಕೆಂಡಿಗೆ, ಇನ್ನೊಂದು ಅಲೆ ಬರುತ್ತದೆ, ಇದು ಧನಾತ್ಮಕ. 2001ರಲ್ಲಿ ನ್ಯೂವೆನ್‌ಹೌಸ್ ಮತ್ತು ಸಂಗಡಿಗರು ಕಣ್ಣಿನ ಚಲನೆಯ ತಪ್ಪುಗಳನ್ನು ಪರೀಕ್ಷಿಸಿದರು. ‘ಈಗ ತಪ್ಪಿದೆ’ ಎಂದು ಜನ ತಾವೇ ಹೇಳಿದ ಸುತ್ತುಗಳಲ್ಲಿ ಈ ಎರಡನೆಯ ಅಲೆ ದೊಡ್ಡದಾಗಿತ್ತು. ಮೊದಲನೆಯದು ಗೊತ್ತಾದ ತಪ್ಪಿಗೂ ಗೊತ್ತಾಗದ ತಪ್ಪಿಗೂ ಹೆಚ್ಚು ಕಡಿಮೆ ಒಂದೇ ತರ ಇತ್ತು.

ಕೈ ಮತ್ತು ಅರಿವಿನ ನಡುವಿನ ಈ ಅಂತರವನ್ನು ಇನ್ನೂ ಚೆನ್ನಾಗಿ ತೋರಿಸಿದ್ದು 1991ರ ಒಂದು ಪ್ರಯೋಗ. ಕಾಸ್ಟಿಯೆಲ್ಲೊ, ಪೋಲಿನ್ಯಾನ್, ಜೀನ್‌ರೋ ಅವರು ಮೇಜಿನ ಮೇಲೆ ನಿಲ್ಲಿಸಿದ ಕಡ್ಡಿಗಳಲ್ಲಿ ದೀಪ ಹತ್ತಿದ್ದನ್ನು ಹಿಡಿಯಲು ಹೇಳಿದರು. ಕೆಲವು ಸಲ ಕೈ ಹೊರಟ ಕ್ಷಣ ದೀಪ ಪಕ್ಕದ ಕಡ್ಡಿಗೆ ಹಾರುತ್ತಿತ್ತು. ಕೈ ಸುಮಾರು 100 ಮಿಲಿಸೆಕೆಂಡಿಗೇ ತಿರುಗಲು ಶುರುವಾಯಿತು. ಬದಲಾವಣೆ ಕಂಡ ಕೂಡಲೇ ಬಾಯಿಂದ ಒಂದು ಸದ್ದು ಮಾಡಿ ಅಂದಿದ್ದರು, ಅದು ಬಂದದ್ದು 400 ಮಿಲಿಸೆಕೆಂಡು ದಾಟಿದ ಮೇಲೆ. ಕೈ ಗುರಿಯ ಹತ್ತಿರ ಹೋದಮೇಲೆ ಬಾಯಿಗೆ ಸುದ್ದಿ ಮುಟ್ಟಿದಂತೆ!

ಗುಂಡಿ ಒತ್ತುವ ಕೆಲಸದಲ್ಲೂ ಹೀಗೇ. 1960ರ ದಶಕದಲ್ಲಿ ಪ್ಯಾಟ್ರಿಕ್ ರಾಬಿಟ್ ತೋರಿಸಿದ್ದು: ಸರಿಯಾದ ಗುಂಡಿ ಒತ್ತಿ ತಿದ್ದುವುದು ಜನರಿಗೆ ಸಲೀಸು, ಮತ್ತು ಬಹಳ ಬೇಗ. ‘ತಪ್ಪಾಯಿತು’ ಎಂದು ತಿಳಿಸಲು ಬೇರೊಂದು ಗುಂಡಿ ಒತ್ತಿ ಅಂದರೆ ಅದಕ್ಕೇ ಹೆಚ್ಚು ಹೊತ್ತು ಬೇಕು.

ಟೈಪ್ ಮಾಡುವಾಗ ಪರದೆ ನೋಡದೆಯೇ ಬೆರಳು ಬ್ಯಾಕ್‌ಸ್ಪೇಸ್‌ಗೆ ಹೋಗುತ್ತದಲ್ಲ?

ಹೋಗುತ್ತದೆ. ನುರಿತ ಟೈಪಿಸ್ಟರಲ್ಲಿ ಎರಡು ಕಾವಲು ಇವೆ. ಲೋಗನ್ ಮತ್ತು ಕ್ರಂಪ್ 2010ರಲ್ಲಿ ಒಂದು ಕುತಂತ್ರ ಮಾಡಿದರು. ಟೈಪಿಸ್ಟ್ ಸರಿಯಾಗಿ ಹೊಡೆದ ಕೆಲವು ಪದಗಳಲ್ಲಿ ಗಣಕವೇ ತಪ್ಪು ತುರುಕಿತು, ತಪ್ಪಾಗಿ ಹೊಡೆದ ಕೆಲವನ್ನು ಸದ್ದಿಲ್ಲದೆ ಸರಿಮಾಡಿ ತೋರಿಸಿತು. ತುರುಕಿದ ತಪ್ಪನ್ನು ಜನ ತಮ್ಮ ತಲೆಗೇ ಕಟ್ಟಿಕೊಂಡರು, ಗಣಕ ತಿದ್ದಿದ್ದಕ್ಕೆ ತಾವೇ ಸರಿಯಾಗಿ ಹೊಡೆದೆವು ಅಂದರು. ಬೆರಳುಗಳು ಮಾತ್ರ ಮೋಸಹೋಗಲಿಲ್ಲ: ನಿಜವಾಗಿ ತಪ್ಪಿದ ಕೀಲಿಯ ನಂತರ ಮಾತ್ರ ನಿಧಾನವಾದವು. ಪರದೆ ನೋಡುವ ಕಾವಲುಗಾರ ಒಬ್ಬ, ಬೆರಳು ನೋಡುವವ ಇನ್ನೊಬ್ಬ.

ಮಾತಿನಲ್ಲಿ?

ವಿಲೆಮ್ ಲೆವೆಲ್ಟ್ 1983ರಲ್ಲಿ ಡಚ್ ಭಾಷಿಗರ 959 ಸ್ವಯಂ ತಿದ್ದುಪಡಿಗಳನ್ನು ವಿಶ್ಲೇಷಿಸಿದರು. ತಪ್ಪು ಕಂಡ ಕೂಡಲೇ ಮಾತು ನಿಲ್ಲುತ್ತದೆ, ಪದದ ನಡುವೆಯೂ ನಿಲ್ಲಬಹುದು. ಆಮೇಲೆ ಒಂದು ಸಣ್ಣ ಸೂಚನೆ, ಅದಾದಮೇಲೆ ಸರಿಯಾದ ರೂಪ. ನಮ್ಮಲ್ಲಿ ಆ ಸೂಚನೆ ‘ಅಲ್ಲಲ್ಲ’, ‘ಥೂ’, ‘ಅಂದ್ರೆ’. ಕನ್ನಡಿಗರಿಗೆ ಒಂದು ಹೆಚ್ಚಿನ ಅನುಕೂಲ ಉಂಟು: ನಿಷೇಧ ಬರುವುದು ಕ್ರಿಯಾಪದದ ಬಾಲದಲ್ಲಿ. ‘ನಾಳೆ ಸಭೆಗೆ ಬರ್...’ ಎಂದು ಎಳೆಯುತ್ತ ‘ಬರ್ತೀನಿ’ಯೋ ‘ಬರಲ್ಲ’ವೋ ಎಂಬುದನ್ನು ಕೊನೆಯ ಕ್ಷಣದವರೆಗೆ ಕೈಯಲ್ಲಿಟ್ಟುಕೊಳ್ಳಬಹುದು, ಕೇಳುಗರಿಗೆ ತಿದ್ದುಪಡಿಯ ಗುರುತೂ ಸಿಗುವುದಿಲ್ಲ.

ತಪ್ಪಿದ ಮೇಲೆ ನಿಧಾನವಾಗುತ್ತೇವೆ. ಅದು ಎಚ್ಚರಿಕೆಯೋ ಗಾಬರಿಯೋ?

ಎರಡೂ ಹೌದು, ಯಾವುದು ಹೆಚ್ಚು ಅನ್ನುವುದು ಮುಂದಿನ ಕೆಲಸ ಎಷ್ಟು ಬೇಗ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಮುಂದಿನ ಬಾಣ ಒಂದು ಸೆಕೆಂಡಿನ ನಂತರ ಬಂದರೆ ನಿಧಾನವಾದರೂ ಉತ್ತರ ಕೆಡುವುದಿಲ್ಲ. ಒತ್ತಿದ ಕೂಡಲೇ ಬಂದರೆ ಇನ್ನೂ ಹೆಚ್ಚು ನಿಧಾನ, ಮೇಲಾಗಿ ಇನ್ನೊಂದು ತಪ್ಪು. ಗಮನ ಹಿಂದಿನ ತಪ್ಪಿಗೆ ಅಂಟಿಕೊಂಡಿರುವಾಗ ಹೊಸದನ್ನು ಹಿಡಿಯುವವರಿಲ್ಲ. ಕೌಂಟರಿನಲ್ಲಿ ಒಬ್ಬರಿಗೆ ಚಿಲ್ಲರೆ ತಪ್ಪಾಗಿ ಕೊಟ್ಟವರು ಮುಂದಿನವರಿಗೂ ತಪ್ಪಾಗಿ ಕೊಡುವುದು ಇದರಿಂದಲೇ. ಅಲ್ಲಿ ಬೇಕಾದ್ದು ಒಂದೇ ಒಂದು ಪೂರ್ತಿ ಉಸಿರಿನ ಬಿಡುವು.

ಇದನ್ನು ಮನೆಯಲ್ಲೇ ಅಳೆಯಬಹುದೇ?

ಇಇಜಿ ಬಿಟ್ಟು ಉಳಿದದ್ದೆಲ್ಲ ಅಳೆಯಬಹುದು. ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಸೈಕೋಪೈ ತಂತ್ರಾಂಶ, ಅರ್ಧ ಗಂಟೆ ಸಾಕು. ಕಾಲೇಜಿನ ಮನಃಶಾಸ್ತ್ರ ಪ್ರಾಕ್ಟಿಕಲ್‌ಗೂ ಇದು ಒಗ್ಗುತ್ತದೆ.

ಎಡ ತೋರುಬೆರಳು ‘ಎಫ್’ ಕೀಲಿಯ ಮೇಲೆ, ಬಲದ್ದು ‘ಜೆ’ ಮೇಲೆ. ಒಂದು ಸುತ್ತು ಹೀಗೆ: ನಡುವೆ ಕೂಡು ಗುರುತು 500 ಮಿಲಿಸೆಕೆಂಡು, ಐದು ಬಾಣಗಳು 150 ಮಿಲಿಸೆಕೆಂಡು, ಬಾಣ ಬಂದದ್ದರಿಂದ ಲೆಕ್ಕ ಹಾಕಿ ಉತ್ತರಕ್ಕೆ ಒಟ್ಟು 800, ಆಮೇಲೆ 1000ದಿಂದ 1400ರ ನಡುವೆ ಬದಲಾಗುವ ಖಾಲಿ ಪರದೆ. ಅರ್ಧ ಸುತ್ತುಗಳಲ್ಲಿ ಎಲ್ಲ ಬಾಣ ಒಂದೇ ದಿಕ್ಕಿಗೆ, ಇನ್ನರ್ಧದಲ್ಲಿ ನಡುವಿನದು ಎದುರು ದಿಕ್ಕಿಗೆ, ಕ್ರಮ ಕಲಸಿರಬೇಕು. ಅಭ್ಯಾಸಕ್ಕೆ 24 ಸುತ್ತು, ನಂತರ 60ರಂತೆ 8 ಕಂತು, ಅಂದರೆ 480. ಸುತ್ತಿಗೆ ಎರಡೂವರೆ ಸೆಕೆಂಡಿನಂತೆ 20 ನಿಮಿಷ, ಕಂತುಗಳ ನಡುವಿನ ವಿಶ್ರಾಂತಿ ಸೇರಿ 25.

ಸೂಚನೆ: ‘ಆದಷ್ಟು ಬೇಗ ಒತ್ತಿ. ತಪ್ಪಿದೆ ಅನಿಸಿದರೆ ತಕ್ಷಣ ಸರಿಯಾದ ಕೀಲಿ ಒತ್ತಿ.’ ಪ್ರತಿ ಸುತ್ತಿಗೂ ಸರಿ-ತಪ್ಪು ತೋರಿಸಬೇಡಿ, ತೋರಿಸಿದರೆ ಒಳಗಿನ ಅರಿವಿನ ಬದಲು ಪರದೆಯ ಅರಿವನ್ನು ಅಳೆದಂತಾಗುತ್ತದೆ. ಕಂತು ಮುಗಿದಾಗ ಮಾತ್ರ ಹೇಳಿ: ತಪ್ಪು ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ‘ಇನ್ನೂ ಬೇಗ’, 15 ದಾಟಿದರೆ ‘ಸ್ವಲ್ಪ ನೋಡಿ ಒತ್ತಿ’. ಶೇಕಡಾ 10ರ ಹತ್ತಿರ ನಿಂತರೆ 48 ತಪ್ಪು ಸಿಗುತ್ತವೆ, ಲೆಕ್ಕಕ್ಕೆ ಅಷ್ಟು ಬೇಕು.

ನಾಲ್ಕು ಅಂಕಿ ತೆಗೆಯಿರಿ. ಎರಡೂ ಬಗೆಯ ಸುತ್ತುಗಳಲ್ಲಿ ಎಷ್ಟು ತಪ್ಪು. ತಪ್ಪು ಒತ್ತುಗಳ ಸರಾಸರಿ ವೇಗ, ಸರಿ ಒತ್ತುಗಳಿಗಿಂತ ಇದು ಹೆಚ್ಚಿರಬೇಕು. ಎಷ್ಟು ತಪ್ಪನ್ನು ತಿದ್ದಿದರು, ಮೊದಲ ಒತ್ತಿನಿಂದ ಎರಡನೆಯದಕ್ಕೆ ಎಷ್ಟು ಹೊತ್ತು. ಕೊನೆಯದಾಗಿ ತಪ್ಪಿನ ನಂತರದ ನಿಧಾನ. ಇದನ್ನು ಲೆಕ್ಕ ಹಾಕುವಾಗ ಎಲ್ಲ ಸುತ್ತುಗಳ ಸರಾಸರಿಯಿಂದ ಕಳೆಯಬೇಡಿ. ಬೇಸರ ಬಂದ ಕಂತಿನಲ್ಲಿ ತಪ್ಪೂ ಹೆಚ್ಚು, ನಿಧಾನವೂ ಹೆಚ್ಚು, ಎರಡೂ ಬೆರೆತುಹೋಗುತ್ತವೆ. ಪ್ರತಿ ತಪ್ಪಿನ ಹಿಂದಿನ ಸರಿ ಸುತ್ತನ್ನು ಅದರ ಮುಂದಿನ ಸರಿ ಸುತ್ತಿನಿಂದ ಕಳೆಯಿರಿ. 2012ರಲ್ಲಿ ಡುಟಿಲ್ ಮತ್ತು ಸಂಗಡಿಗರು ಸೂಚಿಸಿದ ಈ ವಿಧಾನವೇ ನೆಟ್ಟಗಿನದು.

ಅಳತೆ ಎಲ್ಲಿ ಕೆಡುತ್ತದೆ?

ಅತಿ ಹೆಚ್ಚಾಗಿ ಕೆಡುವುದು ಇಲ್ಲಿ: ಮೊದಲ ಕೀಲಿ ಒತ್ತಿದೊಡನೆ ಸುತ್ತು ಮುಗಿಯುವಂತೆ ತಂತ್ರಾಂಶ ಹೊಂದಿಸಿರುತ್ತಾರೆ. ಆಗ ತಿದ್ದುಪಡಿ ದಾಖಲಾಗುವುದೇ ಇಲ್ಲ, ‘ನಮ್ಮ ವಿದ್ಯಾರ್ಥಿಗಳು ತಪ್ಪನ್ನು ಗಮನಿಸುವುದಿಲ್ಲ’ ಎಂಬ ತೀರ್ಮಾನ ವರದಿಗೆ ಹೋಗುತ್ತದೆ. 800 ಮಿಲಿಸೆಕೆಂಡು ತುಂಬುವವರೆಗೆ ಎಲ್ಲ ಒತ್ತುಗಳನ್ನೂ ಬರೆದುಕೊಳ್ಳಬೇಕು. ಇದಕ್ಕೆ ಜೋಡಿ ಇನ್ನೊಂದು: ಸರಿಯಾಗಿ ಒತ್ತಿದ ಮೇಲೂ ಎರಡನೆಯ ಕೀಲಿ ಎಷ್ಟು ಸಲ ಬಿದ್ದಿದೆ ನೋಡಿ. ಅದು ಹೆಚ್ಚಿದ್ದರೆ ‘ತಿದ್ದುಪಡಿ’ಗಳಲ್ಲಿ ಒಂದು ಪಾಲು ಬರೀ ಬೆರಳಿನ ಚಪಲ.

ಪರದೆ 60 ಹರ್ಟ್ಸ್ ಆದರೆ ಚಿತ್ರ ಬದಲಾಗುವುದು 16.7 ಮಿಲಿಸೆಕೆಂಡಿಗೊಮ್ಮೆ. 150 ಎಂದರೆ ಸರಿಯಾಗಿ 9 ಚೌಕಟ್ಟು, ಅದಕ್ಕೇ ಆ ಅಂಕಿ. 140 ಅಂತ ಬರೆದರೆ ಒಮ್ಮೆ 8, ಒಮ್ಮೆ 9 ಆಗಬಹುದು. ಬ್ಲೂಟೂತ್ ಕೀಲಿಮಣೆ, ಮೊಬೈಲಿನ ಸ್ಪರ್ಶಪರದೆ ಬೇಡ. ವಿಳಂಬ ಇದ್ದರೂ ತೊಂದರೆಯಿಲ್ಲ, ಒಂದೇ ಸಮ ಇದ್ದರೆ ಕಳೆಯುವಾಗ ಹೊರಟುಹೋಗುತ್ತದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುವ ವಿಳಂಬವೇ ಕೆಟ್ಟದ್ದು.

ಬಾಣದ ಬದಲು ಕನ್ನಡ ಅಕ್ಷರ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಜೋಡಿ ಆರಿಸುವಾಗ ಜೋಪಾನ. ‘ಥಥಧಥಥ’ ಎಂದು ಹಾಕಿದರೆ ಥದ ಹೊಟ್ಟೆಯ ಚುಕ್ಕಿಯನ್ನೂ ಧದ ಕೆಳಗಿನ ಸೀಳನ್ನೂ 150 ಮಿಲಿಸೆಕೆಂಡಿನಲ್ಲಿ ಕಣ್ಣೇ ಬೇರ್ಪಡಿಸಲಾರದು. ತಪ್ಪೇನೋ ಧಾರಾಳ ಸಿಗುತ್ತದೆ, ಆದರೆ ಅದು ಕೈತಪ್ಪಲ್ಲ. ಸರಿಯಾದ ಮಾಹಿತಿ ತಡವಾಗಿಯೂ ಬರಲಿಲ್ಲ ಎಂದಮೇಲೆ ಹೋಲಿಸಲು ಏನೂ ಇಲ್ಲ, ತಿದ್ದುಪಡಿಯೂ ಹುಟ್ಟುವುದಿಲ್ಲ. ಕ ಮತ್ತು ಲ ತರದ ದೂರದ ಜೋಡಿ ಹಾಕಿ.

ಹೊರಟ ಕೈಯನ್ನು ತಡೆಯಲು ಎಷ್ಟು ಹೊತ್ತು ಬೇಕು?

ನಿಲ್ಲಿಸು ಎಂಬ ಸಂಕೇತ ಬಂದಮೇಲೆ ಆರೋಗ್ಯವಂತ ಯುವಕರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡು. ಕ್ರಿಕೆಟ್ಟಿನಲ್ಲಿ ಇದು ನಿಷ್ಠುರ ಲೆಕ್ಕ. ಒಂದು ಕ್ರೀಸಿನಿಂದ ಇನ್ನೊಂದಕ್ಕೆ 17.68 ಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು, ಪುಟಿದು ನಿಧಾನವಾಗುವುದನ್ನು ಬಿಟ್ಟರೂ, ಸುಮಾರು 455 ಮಿಲಿಸೆಕೆಂಡಿಗೆ ಬಂದು ಮುಟ್ಟುತ್ತದೆ. ಪೀಟರ್ ಮೆಕ್‌ಲಿಯಾಡ್ 1987ರಲ್ಲಿ ಮ್ಯಾಟಿನ ಕೆಳಗೆ ಅರೆದುಂಡು ಪಟ್ಟಿಗಳನ್ನಿಟ್ಟು ಚೆಂಡು ಎತ್ತ ತಿರುಗುತ್ತದೋ ಗೊತ್ತಾಗದಂತೆ ಮಾಡಿದರು. ಅಂತರರಾಷ್ಟ್ರೀಯ ಆಟಗಾರರೂ ಪುಟಿದ ನಂತರದ ಸುಮಾರು 200 ಮಿಲಿಸೆಕೆಂಡು ಹೊಡೆತವನ್ನು ಬದಲಿಸಲಾಗಲಿಲ್ಲ. ಬ್ಯಾಟಿನ ಹತ್ತಿರ ಪುಟಿದ ಚೆಂಡಿಗೆ ‘ನೋಡಿ ಆಡಬೇಕಿತ್ತು’ ಅನ್ನುವ ವೀಕ್ಷಕ ವಿವರಣೆಗೆ ಹಾಗಾಗಿ ಅರ್ಥವಿಲ್ಲ. ಒಳ್ಳೆಯ ಆಟಗಾರ ಗೆಲ್ಲುವುದು ಚೆಂಡು ಪುಟಿಯುವ ಮೊದಲಿನ ಸುಳಿವುಗಳಿಂದ.

ತಪ್ಪು ನಡೆಯುತ್ತಲೇ ಇದ್ದರೂ ಗೊತ್ತಾಗದೆ ಇರುವುದುಂಟೇ?

ಉಂಟು, ಅಪಾಯ ಇರುವುದು ಅಲ್ಲೇ. ಸ್ಕೂಟರ್ ಕಲಿಯುವವರನ್ನು ನೋಡಿ. ಬಲಗೈಯಲ್ಲಿ ಥ್ರಾಟಲ್ ಹಿಡಿಕೆಯೂ ಇದೆ, ಮುಂಚಕ್ರದ ಬ್ರೇಕೂ ಇದೆ. ಎದುರಿಗೆ ನಾಯಿ ಬಂತು. ನಾಲ್ಕೂ ಬೆರಳು ಬ್ರೇಕಿಗೆ ಚಾಚುತ್ತವೆ, ಗಾಬರಿಗೆ ಹಿಡಿತ ಬಿಗಿಯಾಗಿ ಮಣಿಕಟ್ಟು ಕೆಳಗಿಳಿಯುತ್ತದೆ, ಅದರೊಂದಿಗೆ ಥ್ರಾಟಲ್ ಹಿಂದಕ್ಕೆ ಸುತ್ತುತ್ತದೆ. ಗಾಡಿ ಮುಂದೆ ಜಿಗಿದಾಗ ಮೈ ಹಿಂದಕ್ಕೆ ವಾಲಿ ಥ್ರಾಟಲ್ ಇನ್ನಷ್ಟು ತಿರುಗುತ್ತದೆ. ಸವಾರನ ಮಟ್ಟಿಗೆ ಅವನು ಬ್ರೇಕ್ ಹಿಡಿದೇ ಇದ್ದಾನೆ! ಉದ್ದೇಶ ಬ್ರೇಕು, ಕೈಗೆ ಕೊಟ್ಟ ಆಜ್ಞೆಯೂ ಬ್ರೇಕು. ಎರಡೂ ತಾಳೆಯಾಗುವಾಗ ಒಳಗಿನ ಕಾವಲುಗಾರನಿಗೆ ದೂರುವುದಕ್ಕೆ ಏನೂ ಸಿಗುವುದಿಲ್ಲ. ಕಾರಿನಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಅದುಮುವವರು ಇನ್ನೂ ಜೋರಾಗಿ ಅದುಮುವುದೂ ಇದೇ ಕಾರಣಕ್ಕೆ. ತಪ್ಪು ರೈಲು ವೇಳೆಯದೂ ಇದೇ ಕತೆ, ನಿಧಾನಗತಿಯಲ್ಲಿ.

ಇಲ್ಲಿ ‘ಎಚ್ಚರದಿಂದಿರು’ ಎಂಬ ಬುದ್ಧಿಮಾತಿನಿಂದ ಪ್ರಯೋಜನವಿಲ್ಲ, ಬೇರೆ ಚಲನೆಯನ್ನೇ ಕೈಗೆ ಕಲಿಸಬೇಕು. ಖಾಲಿ ಮೈದಾನದಲ್ಲಿ, ನಡಿಗೆಗಿಂತ ತುಸು ಹೆಚ್ಚು ವೇಗದಲ್ಲಿ: ಮೊದಲು ಬಲ ಮಣಿಕಟ್ಟನ್ನು ಮೇಲೆತ್ತಿ ಥ್ರಾಟಲ್ ಮುಚ್ಚು, ಆಮೇಲೆ ಎಡ ಬ್ರೇಕ್ ಹಿಡಿ, ಬಲದ್ದಕ್ಕೆ ಎರಡೇ ಬೆರಳು. ದಿನಕ್ಕೆ 20 ಸಲದಂತೆ ಒಂದು ವಾರ. 2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಹಂಚುವ ವ್ಯವಸ್ಥೆಯೋ ಎಬಿಎಸ್ಸೋ ಇರಲೇಬೇಕು. ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಎಡ ಹಿಡಿಯೇ ಆ ಕೆಲಸ ಮಾಡುತ್ತದೆ. ಕಾರಿಗೆ ನಿಯಮ ಇನ್ನೂ ಸರಳ: ಅದುಮಿದಾಗ ಗಾಡಿ ಜಿಗಿದರೆ ಪಾದವನ್ನು ಪೂರ್ತಿ ಎತ್ತು, ಹೊಸದಾಗಿ ಇಡು.

ಪರೀಕ್ಷೆಯಲ್ಲಿ ಮೊದಲು ಹೊಳೆದ ಉತ್ತರವೇ ಸರಿ ಅನ್ನುತ್ತಾರಲ್ಲ?

ಮೇಷ್ಟ್ರುಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ, ಆದರೆ ಲೆಕ್ಕ ಹಾಗಿಲ್ಲ. 2005ರಲ್ಲಿ ಕ್ರೂಗರ್, ವಿರ್ಟ್ಸ್, ಮಿಲ್ಲರ್ ಅವರು 1561 ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ರಬ್ಬರಿನಿಂದ ಅಳಿಸಿದ ಗುರುತುಗಳನ್ನು ಎಣಿಸಿದರು. ಬದಲಾವಣೆಗಳಲ್ಲಿ ಸುಮಾರು ಅರ್ಧ ತಪ್ಪಿನಿಂದ ಸರಿಗೆ ಹೋಗಿದ್ದವು, ಸರಿಯಿಂದ ತಪ್ಪಿಗೆ ಹೋದದ್ದು ಕಾಲು ಭಾಗ. ಬದಲಿಸಿ ಕೆಟ್ಟದ್ದು ಮನಸ್ಸಿನಲ್ಲಿ ಉಳಿಯುತ್ತದೆ, ಬದಲಿಸಿ ಉಳಿದದ್ದು ಮರೆತುಹೋಗುತ್ತದೆ.

ನಮ್ಮ ಸಿಇಟಿಯ ತೊಡಕು ಬೇರೆ: 80 ನಿಮಿಷಕ್ಕೆ 60 ಪ್ರಶ್ನೆ, ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಿದ ವೃತ್ತವನ್ನು ತಿದ್ದುವಂತಿಲ್ಲ. ಸಂದೇಹವಿರುವುದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಸಣ್ಣ ಗುರುತು ಹಾಕಿ, ಹತ್ತು ಹತ್ತರಂತೆ ವೃತ್ತ ತುಂಬಿದರೆ ತಿದ್ದಲು ಒಂದಿಷ್ಟು ಜಾಗ ಉಳಿಯುತ್ತದೆ. ಎಲ್ಲವನ್ನೂ ಕೊನೆಗೆ ಬಿಟ್ಟುಕೊಂಡರೆ ಸಾಲು ತಪ್ಪಿ ಒಂದು ಕೆಳಗೆ ತುಂಬುವ ಕಣ್ತಪ್ಪು ಕಾದಿರುತ್ತದೆ.

ಕುಡಿದಾಗ? ನಿದ್ದೆಗೆಟ್ಟಾಗ?

ಎರಡರಲ್ಲೂ ಆ ಮೊದಲ ಅಲೆ ಕುಗ್ಗುತ್ತದೆ. ಕುಡಿದವರಲ್ಲಿ ಹೀಗಾಗುವುದನ್ನು 2002ರಲ್ಲಿ ರಿಡರಿಂಕ್‌ಹಾಫ್ ತಂಡ ತೋರಿಸಿತು. ತಪ್ಪು ಹೆಚ್ಚುವುದು ಒಂದು ಕಷ್ಟ, ತಪ್ಪಿನ ಒಳಗಿನ ಸುಳಿವೇ ಮಂಕಾಗುವುದು ಇನ್ನೊಂದು. ‘ನನಗೇನೂ ಆಗಿಲ್ಲ, ಕೀ ಕೊಡು’ ಅನ್ನುವ ಮಾತನ್ನು ಆ ಹೊತ್ತಿನಲ್ಲಿ ಯಾಕೆ ನಂಬಬಾರದು ಎಂಬುದಕ್ಕೆ ಕಾರಣ ಇದು.

ಆತಂಕ ಹೆಚ್ಚಿರುವವರು ತಪ್ಪನ್ನು ಚೆನ್ನಾಗಿ ಹಿಡಿಯುತ್ತಾರಾ?

ಅವರಲ್ಲಿ ಸರಾಸರಿ ಇಆರ್‌ಎನ್ ದೊಡ್ಡದಾಗಿರುತ್ತದೆ. ಅಷ್ಟರಿಂದ ಕೆಲಸ ಹೆಚ್ಚು ಸರಿಯಾಗುತ್ತದೆ ಎಂದೇನಿಲ್ಲ.

ಅಭ್ಯಾಸಕ್ಕೆ ಏನು ಮಾಡಬೇಕು?

ಅರಿವು ಅರ್ಧ ಸೆಕೆಂಡು ತಡ. ಆದ್ದರಿಂದ ಕೆಲಸ ಆದಮೇಲೆ, ಅದು ಪಕ್ಕಾ ಆಗುವ ಮುಂಚೆ, ಒಂದು ಸಂದು ಬೇಕು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿ 5, 10, 20, 30 ಸೆಕೆಂಡು ಅಂತ ಹೊಂದಿಸಬಹುದು. ಮೊದಲೇ ಇರುವುದು 5, ಅದನ್ನು 30 ಮಾಡಿಕೊಳ್ಳಿ.

ಗುರಿಯನ್ನೇ ತಪ್ಪಾಗಿ ಓದಿದ್ದರೆ ಸಂದು ಸಾಲದು, ಬಾಯಿಬಿಟ್ಟು ಹೇಳುವುದು ಬೇಕು. ಜಪಾನಿನ ರೈಲುಗಳಲ್ಲಿ ಸಿಗ್ನಲ್ಲಿಗೆ ಬೆರಳು ತೋರಿಸಿ ಅದರ ಸ್ಥಿತಿಯನ್ನು ಕೂಗುವ ಪದ್ಧತಿಯಿದೆ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆಯ 1994ರ ಪರೀಕ್ಷೆಯಲ್ಲಿ, ಸರಳ ಕೆಲಸವೊಂದರಲ್ಲಿ ತಪ್ಪುಗಳು ಶೇಕಡಾ 85ರಷ್ಟು ಇಳಿದವು. ನಮ್ಮ ಲೋಕೊ ಪೈಲಟ್ ಮತ್ತು ಸಹಾಯಕರೂ ಸಿಗ್ನಲ್ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ನಾಲಿಗೆಗೆ ಹೇಳಬೇಕಾದರೆ ಕಣ್ಣು ಇನ್ನೊಮ್ಮೆ ನೋಡಲೇಬೇಕು.

ಯುಪಿಐಗೆ ಇದನ್ನೇ ತನ್ನಿ. ಪಿನ್ ಕೇಳುವ ಪರದೆಯ ಮೇಲುಗಡೆ ಪಡೆಯುವವರ ಹೆಸರೂ ಮೊತ್ತವೂ ಇರುತ್ತವೆ. ಹಿಂದೆ ಸಾಲು ನಿಂತಿದ್ದಾಗ ಕಣ್ಣು ಸೀದಾ ಕೆಳಗಿನ ಅಂಕಿಗಳಿಗೆ ಇಳಿದುಬಿಡುತ್ತದೆ, 500ಕ್ಕೆ ಸೇರಿಕೊಂಡ ಇನ್ನೊಂದು ಸೊನ್ನೆ ಮೇಲೆಯೇ ಉಳಿಯುತ್ತದೆ. ಪಿನ್ನಿನ ಮೊದಲ ಅಂಕಿ ಒತ್ತುವ ಮುಂಚೆ ‘ಐನೂರು, ಮಂಜುನಾಥ ಸ್ಟೋರ್ಸ್’ ಎಂದು ಅಂಗಡಿಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ. ‘ಐದು ಸಾವಿರ’ ಎಂದು ಓದಿದರೆ ನಿಮಗಿಂತ ಮೊದಲು ಅವರೇ ‘ಅಲ್ಲಲ್ಲ ಸರ್’ ಅನ್ನುತ್ತಾರೆ.